ಗೊಂಬೆಗೆ ಹಲ್ಲು ಕಟ್ಟಿದವಳು

ಸಿನಿಮಾ ಮಂದಿರದ ಮೆಟ್ಟಿಲಿಳಿದು ಬೀದಿಗೆ ಬಂದ ಅಣ್ಣನಿಗೆ ಲೋಕವೇ ಮಂಕಾಗಿ ಕಂಡಿತು. ಮಧ್ಯಾಹ್ನದ ಎರಡೂವರೆ ಗಂಟೆ. ಹಿಂಡದೆ ಹರವಿದ ಬಟ್ಟೆಯೂ ಹತ್ತು ನಿಮಿಷದಲ್ಲಿ ಒಣಗುವಂಥ ಬಿಸಿಲು. ಆದರೂ ಎದುರಿನ ಔಷಧಿ ಅಂಗಡಿಯ ಫಲಕ ಮೋಡದೊಳಗೆ ಸೇರಿಕೊಂಡಂತಿತ್ತು. ಬಸ್ಸುಗಳು ನೀರಿನಲ್ಲಿ ಕರಗುವ ಸಾಬೂನಿನ ತುಂಡುಗಳಂತೆ ಜಾರಿಹೋಗುತ್ತಿದ್ದವು. ಐವತ್ತೊಂದರ ಗಂಡಸಿಗೆ ಇಂಥ ಹೊತ್ತಿನಲ್ಲಿ ಏನೇನು ಹೊಳೆಯಬೇಕೋ ಅದೆಲ್ಲ ಹೊಳೆಯಿತು: ಸಕ್ಕರೆ ಏರಿದೆ, ರಕ್ತದ ಒತ್ತಡ ಇಳಿದಿದೆ, ಪಿಂಚಣಿ ಕಾಗದ ಓದುವವರೆಗೆ ಈ ಕಣ್ಣು ಬಾಳುವುದಿಲ್ಲ. ಅವನು ದೀಪದ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಸ್ವಲ್ಪ ನಿಂತ್ಕೊಳೇ. ಕಣ್ಣು ಮಂಜಾಗ್ತಾ ಇದೆ."

ತಂಗಿ ಅವನ ಮುಖವನ್ನು ಒಮ್ಮೆ ನೋಡಿದಳು. "ಅಣ್ಣ, ನಿನ್ನ ಕನ್ನಡಕ ಎಲ್ಲಿ?"

"ಹಾಕ್ಕೊಂಡಿದ್ದೀನಲ್ಲ."

"ಅದು ಸಿನಿಮಾದವರದ್ದು."

ಆದದ್ದು ಇಷ್ಟೆ. ಪರದೆಯ ಮೇಲಿನದೆಲ್ಲ ಮೈಮೇಲೆ ಬಿದ್ದಂತೆ ಕಾಣುವ ಕಾರ್ಟೂನ್ ಸಿನಿಮಾ ಅದು. ಅದಕ್ಕೆಂದು ಮಂದಿರದವರು ಕೊಟ್ಟ ಕಪ್ಪು ಕನ್ನಡಕವನ್ನು ಅಣ್ಣ ತನ್ನ ಕನ್ನಡಕದ ಮೇಲೆಯೇ ಏರಿಸಿಕೊಂಡು ಕೂತಿದ್ದ. ಹೊರಬರುವಾಗ 'ಕನ್ನಡಕ ಇಲ್ಲಿ ಹಾಕಿ' ಎಂದು ಬರೆದ ಡ್ರಮ್ಮು ಕಂಡಿತು. ಸರ್ಕಾರಿ ನೌಕರ, ಬರೆದದ್ದನ್ನು ಕಂಡರೆ ಪಾಲಿಸಿಯೇ ತೀರುವ ಜಾತಿ. ಎರಡನ್ನೂ ತೆಗೆದು, ಒಂದನ್ನು ಡ್ರಮ್ಮಿಗೆ ಹಾಕಿ, ಇನ್ನೊಂದನ್ನು ಮೂಗಿಗೇರಿಸಿ, ಕರ್ತವ್ಯ ಮುಗಿಸಿದ ತೃಪ್ತಿಯಲ್ಲಿ ಹೊರಗೆ ಬಂದಿದ್ದ.

ಕಾವಲುಗಾರ ಡ್ರಮ್ಮನ್ನು ನೆಲದ ಮೇಲೆ ಬೋರಲು ಹಾಕಿದ. ಮುನ್ನೂರು ಕನ್ನಡಕಗಳ ರಾಶಿಯ ಮುಂದೆ ಅಣ್ಣ ಮಂಡಿಯೂರಿ ಕೂತು, ಒಂದೊಂದನ್ನೇ ಕಣ್ಣಿಗೆ ಹಿಡಿದು ಕೆಳಗಿಡತೊಡಗಿದ. ಮುಂದಿನ ಆಟಕ್ಕೆ ಸಾಲು ನಿಂತವರಲ್ಲಿ ಮುಕ್ಕಾಲು ಪಾಲು ಹತ್ತು ವರ್ಷದೊಳಗಿನವರು. ಅವರ ಪಾಲಿಗೆ ಆಟ ಹೊರಗೇ ಶುರುವಾಗಿತ್ತು. ಎರಡು ಜಡೆಯವಳೊಬ್ಬಳು ತಾಯಿಯ ಕೈ ಜಗ್ಗಿ, "ಅಮ್ಮ, ಈ ತಾತನಿಗೆ ಯಾವುದೂ ಸರಿಹೋಗ್ತಿಲ್ಲ" ಎಂದು ಮರುಗಿದಳು. ಅಣ್ಣ ಇಂಗು ತಿಂದ ಮಂಗನಂತೆ ನಕ್ಕ. ಕನ್ನಡಕ ಹೋದದ್ದಕ್ಕಿಂತ 'ತಾತ' ಎಂದದ್ದು ಹೆಚ್ಚು ನೋಯಿಸಿತು.

ಕೊನೆಗೆ ತಂಗಿ ಬಗ್ಗಿ, ರಾಶಿಗೆ ಕೈಹಾಕಿ, ಎರಡನೆಯ ಸಲಕ್ಕೇ ಅವನದನ್ನು ತೆಗೆದುಕೊಟ್ಟಳು. "ಎಡಗಡೆ ಕಡ್ಡಿ ಕಚ್ಚಿ ಕಚ್ಚಿ ಇಟ್ಟಿದ್ದೀಯ. ನಿನ್ನ ಕೋರೆಹಲ್ಲು ಸ್ವಲ್ಪ ಒಳಕ್ಕಿದೆ, ಗೊತ್ತಾಗತ್ತೆ."

ಬೇರೆಯವರು ಮುಖ ನೋಡಿ ಮನುಷ್ಯರನ್ನು ಗುರುತಿಸಿದರೆ ಇವಳು ಹಲ್ಲು ನೋಡಿ ಗುರುತಿಸುತ್ತಾಳೆ. ಅದು ಅವಳ ಕಸುಬು. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಪ್ಲಾಸ್ಟರ್ ಅಚ್ಚುಗಳ ಸಾಲು, ಮೇಣ ಕರಗಿಸುವ ಸ್ಪಿರಿಟ್ ದೀಪ, ಗುಂಯ್‌ಗುಡುವ ಪಾಲಿಶ್ ಚಕ್ರ. ಊರಿನ ಅರ್ಧ ಮುದುಕರು ಅವಳ ಕೈಯಿಂದ ಬಂದ ಹಲ್ಲಿನಲ್ಲೇ ಜಗಿಯುತ್ತಾರೆ, ಜಗಳವಾಡುತ್ತಾರೆ. ಬೀದಿಯವರು ಅವಳನ್ನು ಹಲ್ಲಕ್ಕ ಎನ್ನುತ್ತಾರೆ. ನಲವತ್ತನಾಲ್ಕು ವಯಸ್ಸು. ಮದುವೆಯ ಮಾತು ಹದಿನೈದು ವರ್ಷದ ಕೆಳಗೆ ಮುಗಿದಿತ್ತು. ಎಂಟನೆಯ ಗಂಡು ನೋಡಿಹೋದ ಸಂಜೆ ಅವಳು "ಇವರ ಮುಂದಿನ ಎರಡೂ ಹಲ್ಲು ಕಟ್ಟಿಸಿದ್ದು, ಕಟ್ಟಿದವರು ಕೆಲಸ ಕೆಡಿಸಿದ್ದಾರೆ" ಎಂದಿದ್ದಳು. ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ.

ಅಣ್ಣನ ಮನೆಯ ಮಹಡಿಯ ಕೋಣೆ ಅವಳದು. ಬಾಗಿಲು ತೆರೆದರೆ ಮೊದಲು ಕಾಣುವುದು ಗೊಂಬೆಗಳು. ಸಿನಿಮಾದ ಗೊಂಬೆಗಳು, ಆಟದ ಗೊಂಬೆಗಳು, ರೆಕ್ಕೆಯವು, ಕತ್ತಿಯವು, ಮೂರು ಕಣ್ಣಿನ ಬೆಕ್ಕು, ಕೊಡೆ ಹಿಡಿದ ಆಮೆ. ಪ್ರತಿ ಶನಿವಾರ ಲ್ಯಾಬ್ ಅರ್ಧ ದಿನ ಮುಗಿಸಿ ಅವಳು ಆಟಿಕೆ ಅಂಗಡಿಗಳ ಬೀದಿಗೆ ಹೋಗುತ್ತಾಳೆ. ಎಲ್ಲರೂ ಗಾಜಿನ ಬೀರುವಿನ ಮುಂದೆ ನಿಂತರೆ ಇವಳು ಅಂಗಡಿಯ ಹಿಂಬದಿಯಲ್ಲಿ ಕೈಮುರಿದವು, ಮೂಗು ಹೋದವು ಬಿದ್ದಿರುವ ಬುಟ್ಟಿಯ ಮುಂದೆ ಕೂರುತ್ತಾಳೆ. ಗೊಂಬೆಯನ್ನು ತಲೆಕೆಳಗು ಮಾಡಿ, ಅಂಗಾಲು ನೋಡಿ, ಹೊಲಿಗೆಯ ಗೆರೆಯ ಮೇಲೆ ಉಗುರು ಎಳೆದು, ಕೊನೆಗೆ "ಇದನ್ನ ಕೊಡಿ" ಎನ್ನುತ್ತಾಳೆ. ಮನೆಗೆ ತಂದು, ಹಲ್ಲಿಗೆ ಹಾಕುವ ಅಕ್ರಿಲಿಕ್ಕಿನಲ್ಲಿ ಮೂಗು ಕೂರಿಸುತ್ತಾಳೆ. ಕಪಾಟಿನಲ್ಲಿ ಒಂದು ಹಸಿರು ಡ್ರ್ಯಾಗನ್ ಇದೆ. ಅದರ ಎಡಗಡೆಯ ಕೋರೆ ಯಾವುದೋ ನಿವೃತ್ತ ತಹಸೀಲ್ದಾರರಿಗೆ ಮಾಡಿ ಮಿಕ್ಕಿದ್ದು. ಅದರ ಮುಖದಲ್ಲಿ ಈಗ ಸ್ವಲ್ಪ ಅಧಿಕಾರದ ಕಳೆ ಬಂದಿದೆ ಎಂದು ಅಣ್ಣನ ಅಭಿಪ್ರಾಯ.

ಭಾನುವಾರ ಮಧ್ಯಾಹ್ನ ಆಟ. ಕಿವಿಗೆ ದೊಡ್ಡ ಹೆಡ್‌ಫೋನ್, ಕೈಯಲ್ಲಿ ಗುಂಡಿಗಳ ಯಂತ್ರ. ಎಲ್ಲೆಲ್ಲಿಯವರೋ ಹನ್ನೆರಡು ಜನ ಸೇರಿ ಆಡುವ ಯುದ್ಧ. ಅದರಲ್ಲಿ ಇವಳು ಸೇನಾಪತಿ. ಮಿಕ್ಕವರೆಲ್ಲ ಕಾಲೇಜಿನವರು, ಅವಳನ್ನು ಕ್ಯಾಪ್ಟನ್ ಎಂದು ಕರೆಯುತ್ತಾರೆ. "ಎಡಕ್ಕೆ ಹೋಗು. ಎಡ ಅಂದ್ರೆ ಊಟ ಮಾಡದ ಕೈ. ಈಗಲೇ ಸಾಯ್ಬೇಡ, ಒಲೆ ಆರಿಸಿ ಬರ್ತೀನಿ" ಎಂಬ ಆಜ್ಞೆಗಳು ಮೆಟ್ಟಿಲಿಳಿದು ಕೆಳಗೆ ಬರುತ್ತವೆ. ಅಣ್ಣನ ಕಚೇರಿಯಲ್ಲಿ ನಿರ್ದೇಶಕರ ಮಾತಿಗೂ ಅಷ್ಟು ಬೇಗ ಯಾರೂ ಎಡಕ್ಕೆ ಹೋಗುವುದಿಲ್ಲ.

ಇನ್ನು ಸಿನಿಮಾ. ಕಾರ್ಟೂನ್ ಸಿನಿಮಾ ಯಾವುದೇ ಬರಲಿ, ಅವಳಿಗೆ ಮೂರು ಸಲ ನೋಡುವ ನೇಮ. ಒಂದು ಸಲ ಕತೆಗೆ, ಒಂದು ಸಲ ಬಾಯಿಗಳಿಗೆ, ಒಂದು ಸಲ ಕೊನೆಯಲ್ಲಿ ಉರುಳುವ ಹೆಸರುಗಳಿಗೆ. ಅಣ್ಣನನ್ನು ಆ ದಿನ ಕರೆದೊಯ್ದದ್ದು ಮೂರನೆಯ ಸಲಕ್ಕೆ, ಅದೂ ಒಂದು ಟಿಕೆಟ್ಟಿಗೆ ಇನ್ನೊಂದು ಉಚಿತವಾಗಿ ಬಂದಿತ್ತು ಎಂದು. ದೀಪ ಹತ್ತಿ, ಜನ ಎದ್ದು, ಕಸ ಗುಡಿಸುವವಳು ಪೊರಕೆ ಹಿಡಿದು ಪಕ್ಕದಲ್ಲಿ ನಿಂತರೂ ತಂಗಿ ಅಲುಗಾಡಲಿಲ್ಲ. ಕೂದಲು ಮಾಡಿದವರು, ಗುಂಡಿ ಹೊಲಿದವರು, ಹುಲ್ಲಿಗೆ ಬಣ್ಣ ಹಚ್ಚಿದವರು, ಎಲ್ಲರ ಹೆಸರೂ ಹೋದವು. 'ಬಾಯಿ ಮತ್ತು ಹಲ್ಲು' ಎಂದು ಬಂದಾಗ ಅವಳು ಕೂತಲ್ಲೇ ಸ್ವಲ್ಪ ಮುಂದಕ್ಕೆ ಬಾಗಿದಳು. ಅಣ್ಣ ಅದನ್ನು ನೋಡಿದ. ನೋಡಿ, ಬೆನ್ನುನೋವು ಇರಬೇಕು ಎಂದುಕೊಂಡ.

ವಿಷಯ ಹೊರಬಿದ್ದದ್ದು ಬಸ್ಸಿನಲ್ಲಿ.

"ಬಿಸ್ಕತ್ತು ಫ್ಯಾಕ್ಟರಿ ಮುಚ್ಚಿತ್ತಲ್ಲ, ಅಲ್ಲಿಗೆ ಗೊಂಬೆ ಸಿನಿಮಾ ಮಾಡೋರು ಬಂದಿದ್ದಾರೆ" ಎಂದಳು ತಂಗಿ, ಕಿಟಕಿಯ ಕಡೆ ನೋಡುತ್ತ.

"ಅಂದ್ರೆ ಗೊಂಬೆ ಕುಣಿಸೋರಾ?"

"ಕುಣಿಸಲ್ಲ. ಗೊಂಬೆ ಕೈನ ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ ತೆಗೀತಾರೆ. ಮತ್ತೆ ಸರಿಸಿ ಇನ್ನೊಂದು. ಇಡೀ ದಿನ ದುಡಿದ್ರೆ ನಾಲ್ಕು ಸೆಕೆಂಡಿನ ಸಿನಿಮಾ ಆಗತ್ತೆ."

"ನಮ್ಮ ಆಫೀಸೇ ವಾಸಿ."

"ಅವರಿಗೆ ಹಲ್ಲು ಮಾಡೋರು ಒಬ್ಬರು ಬೇಕಂತೆ. ಒಂದು ಮಾದರಿ ಸೆಟ್ ಮಾಡಿ ಕೊಡ್ಬೇಕು. ಬರೋ ಶುಕ್ರವಾರ ಸಂಜೆ ಐದು ಗಂಟೆ ಒಳಗೆ."

"ನೀನು ಕೊಡ್ತೀಯಾ?"

"ಇಪ್ಪತ್ತೆರಡು ವರ್ಷದಿಂದ ಈ ಸಿನಿಮಾಗಳ ಬಾಯಿ ನೋಡ್ತಾ ಕೂತಿದ್ದೀನಿ, ಅಣ್ಣ. ಒಂದ್ಸಲ ನನ್ನ ಹಲ್ಲು ಅಲ್ಲಿ ನಗಬೇಕು." ಅವಳು ಇನ್ನೂ ಕಿಟಕಿಯ ಕಡೆಗೇ ನೋಡುತ್ತಿದ್ದಳು. "ಇದು ತಪ್ಪಿದ್ರೆ ಇನ್ನೊಂದು ಸಲ ಈ ಊರಿಗೆ ಯಾರು ಬರ್ತಾರೆ?"

ಅಣ್ಣನಿಗೆ ಏನಾದರೂ ತಮಾಷೆ ಮಾಡಬೇಕೆನಿಸಿತು. ಅವನಿಗೆ ಯಾವಾಗಲೂ ಹಾಗೆಯೇ. ಆದರೆ ತಂಗಿಯ ಕೈ ಚೀಲದ ಹಿಡಿಯನ್ನು ಹಿಂಡುತ್ತಿದ್ದ ರೀತಿ ನೋಡಿ ಬಾಯಿ ಮುಚ್ಚಿಕೊಂಡ.

ಮನೆಯಲ್ಲಿ ಸುದ್ದಿ ಕೇಳಿದ ಅತ್ತಿಗೆ ಪಾತ್ರೆ ತೊಳೆಯುತ್ತಲೇ ತೀರ್ಪು ಕೊಟ್ಟಳು. "ಮಾಡು. ಮುದುಕರಿಗೆ ಕಟ್ಟಿದ ಹಲ್ಲು ಬೈಯೋಕೆ ಉಪಯೋಗ ಆಗತ್ತೆ. ಗೊಂಬೆ ಬೈಯಲ್ಲ." ಆಮೇಲೆ ಗಂಡನತ್ತ ತಿರುಗಿ, "ರೀ, ನೀವು ಇದರಲ್ಲಿ ಮೂಗು ತೂರಿಸ್ಬೇಡಿ" ಎಂದಳು. ಅಣ್ಣನಿಗೆ ಬೇಸರವಾಯಿತು. ತೂರಿಸುವ ಯೋಚನೆ ಆಗತಾನೆ ಬಂದಿತ್ತು.

ಸಿನಿಮಾದ ಮುಖ್ಯ ಪಾತ್ರ ಒಬ್ಬ ಮುದುಕಿ. ನೂರು ವರ್ಷದವಳು, ನಗುವುದರಲ್ಲಿ ಎತ್ತಿದ ಕೈ. ಅವಳ ಮುಖವನ್ನು ಹತ್ತಿರದಿಂದ ತೋರಿಸುವ ದೃಶ್ಯಗಳಿಗೆಂದು ಮನುಷ್ಯರ ತಲೆಯಷ್ಟೇ ದೊಡ್ಡ ತಲೆಯೊಂದನ್ನು ಮಾಡಿದ್ದರು. ಅದಕ್ಕೆ ಹಲ್ಲು ಬೇಕು. ಪ್ರಕಟಣೆಯಲ್ಲಿ 'ಹಲ್ಲುಗಳು ಮುತ್ತು ಪೋಣಿಸಿದಂತಿರಬೇಕು' ಎಂದು ಸ್ಪಷ್ಟವಾಗಿ ಬರೆದಿತ್ತು.

"ನೂರು ವರ್ಷ ನಕ್ಕವಳ ಹಲ್ಲು ಹೀಗಿರಲ್ಲ" ಎಂದು ತಂಗಿ ಗೊಣಗಿದಳು. ಆದರೆ ಲ್ಯಾಬಿನಲ್ಲಿ ಕಲಿತ ಮೊದಲ ಪಾಠ ಕೇಳಿದ್ದನ್ನು ಕೊಡುವುದು. ಯಜಮಾನರ ಬಳಿ ಹೋಗಿ, ಕೆಲಸ ಮುಗಿದ ಮೇಲೆ ದಿನಕ್ಕೊಂದು ಗಂಟೆ ಬೆಂಚು ಬೇಕೆಂದಳು.

ಯಜಮಾನರಿಗೆ ಎಪ್ಪತ್ತು ವರ್ಷ, ಸ್ವಂತದ್ದೆಂದು ಬಾಯಲ್ಲಿ ಒಂದು ಹಲ್ಲೂ ಇಲ್ಲ. "ಬೇಡ ಅನ್ನೋಣ ಅಂದ್ರೆ, ಅನ್ನೋ ಬಾಯಲ್ಲಿರೋ ಹಲ್ಲೇ ನೀನು ಕಟ್ಟಿದ್ದಲ್ವೇನಮ್ಮ" ಎಂದರು. "ಮಾಡ್ಕೋ. ಅವರು ಕರೆದ್ರೆ ಬೆಳಿಗ್ಗೆ ನನ್ನ ಕೆಲಸ, ಮಧ್ಯಾಹ್ನ ಅವರದು. ಪೂರ್ತಿ ಬಿಟ್ಟುಹೋದ್ರೆ ಮಾತ್ರ ಸೆಟ್ ವಾಪಸ್ ಕೊಟ್ಟು ಗಂಜಿ ಕುಡ್ಕೊಂಡಿರ್ತೀನಿ."

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಮುದುಕಿಯ ಹಲ್ಲು ಸಿದ್ಧವಾಯಿತು. ಅದೇ ದಿನ ಲ್ಯಾಬಿನಿಂದ ಕ್ಲಿನಿಕ್ಕಿಗೆ ಹೋಗಬೇಕಾದ ಇನ್ನೊಂದು ಸೆಟ್ಟೂ ಸಿದ್ಧವಾಗಿತ್ತು. ಆದರೆ ಎರಡು ಅರ್ಜೆಂಟ್ ಕೆಲಸ ಬಂದು ತಂಗಿ ಬೆಂಚು ಬಿಟ್ಟೇಳುವಂತಿರಲಿಲ್ಲ. ಅಣ್ಣ ಎರಡು ಗಂಟೆ ರಜೆ ಬರೆದು ಸ್ಕೂಟರಿನಲ್ಲಿ ಹಾಜರಾದ. ಮೂಗು ತೂರಿಸಬೇಡಿ ಎಂದಿದ್ದಳು ಹೆಂಡತಿ. ಸ್ಕೂಟರಿನ ವಿಷಯ ಹೇಳಿರಲಿಲ್ಲ.

ಲ್ಯಾಬಿನಿಂದ ಹೊರಹೋಗುವ ಹಲ್ಲುಗಳಿಗೆಲ್ಲ ಒಂದೇ ಬಗೆಯ ನೀಲಿ ಡಬ್ಬಿ. ಮೇಲೆ ಒಂದು ಚೀಟಿ, ಚೀಟಿಗೆ ರಬ್ಬರ್ ಬ್ಯಾಂಡು.

"ಇದು ಕ್ಲಿನಿಕ್‌ಗೆ, ಒಬ್ಬರು ಮೇಷ್ಟ್ರದು. ಇದು ಸ್ಟುಡಿಯೋಗೆ. ಚೀಟಿ ಮೇಲೆ ಬರೆದಿದ್ದೀನಿ" ಎಂದಳು ತಂಗಿ. "ಡಬ್ಬಿ ತೆರೀಬೇಡ."

"ಇಪ್ಪತ್ತಾರು ವರ್ಷ ರೆಕಾರ್ಡ್ ಸೆಕ್ಷನ್‌ನಲ್ಲಿ ಕಡತ ವಿಂಗಡಿಸಿದ್ದೀನಿ ಕಣೇ. ನನಗೆ ಎರಡು ಡಬ್ಬಿ ಬಗ್ಗೆ ಪಾಠ ಹೇಳ್ತೀಯಾ?"

"ಪಾಠ ಅಲ್ಲ. ತೆರೀಬೇಡ ಅಂದೆ."

ಮಾರುಕಟ್ಟೆಯ ತಿರುವಿನಲ್ಲಿ ಹೊಸದಾಗಿ ರಸ್ತೆಗೆ ಉಬ್ಬು ಹಾಕಿದ್ದರು. ಉಬ್ಬು ಇದೆ ಎಂಬ ಫಲಕವನ್ನು ಓದುತ್ತಲೇ ಅಣ್ಣ ಅದನ್ನು ಹತ್ತಿದ. ಮುಂದೆ ತೂಗುಹಾಕಿದ್ದ ಚೀಲದಿಂದ ಎರಡೂ ಡಬ್ಬಿಗಳು ಕಪ್ಪೆಗಳಂತೆ ನೆಗೆದು ರಸ್ತೆಗೆ ಬಿದ್ದವು. ರಬ್ಬರ್ ಬ್ಯಾಂಡು ಕಿತ್ತುಹೋಯಿತು. ಚೀಟಿಗಳೆರಡೂ ಚರಂಡಿಯ ಪಾಲಾದವು. ಪುಣ್ಯಕ್ಕೆ ಮುಚ್ಚಳ ಬಿಚ್ಚಿರಲಿಲ್ಲ.

ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಬೀಳಿಸಿದ್ದು ತಿಳಿಯುತ್ತದೆ, ತಿಳಿದರೆ ಹೆಂಡತಿಯ ಕಿವಿಗೂ ಹೋಗುತ್ತದೆ. ಅಣ್ಣ ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿ, ಎರಡೂ ಡಬ್ಬಿ ತೆರೆದ.

ಒಂದರಲ್ಲಿ ಸಾಲಾಗಿ ಜೋಡಿಸಿದ, ಕಣ್ಣು ಕೋರೈಸುವ ಬಿಳಿ ಹಲ್ಲು. ಒಂದಕ್ಕೊಂದು ಭುಜ ತಾಗಿಸಿ ನಿಂತ ಸೈನಿಕರಂತಿದ್ದವು. ಇನ್ನೊಂದನ್ನು ನೋಡಿ ಅವನಿಗೆ ನಗು ಬಂತು. ಹಳದಿಗೆ ತಿರುಗಿದ ಹಲ್ಲುಗಳು. ಮುಂದಿನ ಎರಡರ ನಡುವೆ ಕಡ್ಡಿ ತೂರುವಷ್ಟು ಸಂದು. ಒಂದು ಕೋರೆ ಪಕ್ಕದ ಮನೆಗೆ ಇಣುಕುವಂತೆ ಓರೆಯಾಗಿತ್ತು. ಇನ್ನೊಂದರ ಅಂಚು ಅರ್ಧಚಂದ್ರನಂತೆ ಸವೆದಿತ್ತು. ಗೊಂದಲಕ್ಕೆ ಎಡೆಯೆಲ್ಲಿ? ಕಾಸು ಕೊಟ್ಟು ಹಲ್ಲು ಕಟ್ಟಿಸಿಕೊಳ್ಳುವ ಮನುಷ್ಯ ಇಂಥದ್ದನ್ನು ಕಟ್ಟಿಸಿಕೊಳ್ಳುತ್ತಾನೆಯೇ? ಇದು ಸಿನಿಮಾದ ಮುದುಕಿಯದೇ. 'ಮುತ್ತು ಪೋಣಿಸಿದಂತೆ' ಎಂಬುದನ್ನು ಅವನು ಮರೆತಿರಲಿಲ್ಲ. ಆದರೆ ತಂಗಿಯ ಗೊಣಗಾಟವೂ ನೆನಪಿನಲ್ಲಿತ್ತು. ಕೊನೆಗೆ ತನ್ನ ಮನಸ್ಸಿನಂತೆಯೇ ಮಾಡಿದ್ದಾಳೆ, ಗಟ್ಟಿಗಿತ್ತಿ ಎಂದುಕೊಂಡ. ಕಡತ ವಿಂಗಡಣೆ ಅಂದರೆ ಇದೇ: ಚೀಟಿ ಇಲ್ಲದಿದ್ದರೆ ಒಳಗಿನ ವಿಷಯ ನೋಡಬೇಕು.

ಬಿಳಿಯ ಡಬ್ಬಿಯನ್ನು ಕ್ಲಿನಿಕ್ಕಿಗೆ ಕೊಟ್ಟ. ಓರೆಹಲ್ಲಿನದನ್ನು ಐದಕ್ಕೆ ಹತ್ತು ನಿಮಿಷವಿದ್ದಾಗ ಸ್ಟುಡಿಯೋದ ಬಾಗಿಲಲ್ಲಿ ಕೊಟ್ಟು ಸಹಿ ಹಾಕಿಸಿಕೊಂಡ. ಮನೆಗೆ ಬಂದು ಕಾಲು ಚಾಚಿ ಕೂತು ಟೀ ಕೇಳಿದ.

ಟೀ ಇನ್ನೂ ಬಿಸಿಯಿದ್ದಾಗಲೇ ಫೋನ್ ಬಂತು.

"ಅಣ್ಣ, ಡಬ್ಬಿ ತೆರೆದ್ಯಾ?"

ಅಣ್ಣ ಚಾಚಿದ ಕಾಲನ್ನು ಒಳಕ್ಕೆಳೆದುಕೊಂಡ.

"ಕ್ಲಿನಿಕ್‌ನಿಂದ ಫೋನ್ ಬಂದಿತ್ತು. ಮೇಷ್ಟ್ರು ಬೇರೆ ಯಾರದೋ ಹಲ್ಲು ಕೈಯಲ್ಲಿಟ್ಕೊಂಡು ಕೂತಿದ್ದಾರಂತೆ."

"ಆ ಸೊಟ್ಟ ಹಲ್ಲು…"

"ಮೇಷ್ಟ್ರದು."

ಅಣ್ಣ ಎದ್ದು ಸ್ಕೂಟರಿನ ಕೀ ಹುಡುಕತೊಡಗಿದ. ಅತ್ತಿಗೆ ಗಂಡನ ಮುಖ ನೋಡಿ, ಟೀ ಲೋಟವನ್ನು ಮೆಲ್ಲಗೆ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಹಗುರಾಗುತ್ತಿತ್ತು.

ಲ್ಯಾಬಿನ ಮುಂದೆ ತಂಗಿ ಏಪ್ರನ್ನು ಬಿಚ್ಚದೆ ನಿಂತಿದ್ದಳು. ಸ್ಕೂಟರ್ ಹತ್ತಿದಳು. ಎರಡು ಸಿಗ್ನಲ್ ದಾಟಿದ ಮೇಲೆ ಅಣ್ಣನೇ ಉಬ್ಬು, ಫಲಕ, ಚರಂಡಿ ಎಲ್ಲವನ್ನೂ ಒಪ್ಪಿಕೊಂಡ. "ಕೋತಿ ತಾನೂ ಕೆಟ್ಟು ವನಾನೂ ಕೆಡಿಸ್ತು ಅಂತಾರಲ್ಲ, ಅದು ನಾನೇ."

"ನೀನು ಕೋತಿ ಅಲ್ಲ. ಕೋತಿ ಫಲಕ ಓದ್ತಾ ಓದ್ತಾ ಉಬ್ಬಿನ ಮೇಲೆ ಸ್ಕೂಟರ್ ಹತ್ತಿಸಲ್ಲ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಐದು ಗಂಟೆ ಆಗಿಹೋಯ್ತು, ಅಣ್ಣ" ಎಂದಳು. ಅಷ್ಟೇ. ಅವಳ ದನಿ ಸಣ್ಣದಾಗಿತ್ತು.

ಕ್ಲಿನಿಕ್ಕಿನಲ್ಲಿ ಮೇಷ್ಟ್ರು ಕಾಯುತ್ತಿದ್ದರು. ನಿವೃತ್ತ ಡ್ರಿಲ್ ಮೇಷ್ಟ್ರು; ಎಪ್ಪತ್ತಾರರಲ್ಲೂ ಬೆನ್ನು ಗೋಡೆಗೆ ಹೊಡೆದ ಮೊಳೆಯಂತೆ ನೆಟ್ಟಗೆ. ಬೊಚ್ಚುಬಾಯಿಗೆ ಅಂಗೈ ಅಡ್ಡಹಿಡಿದು ಮಾತಾಡಿದರು. ಅವರ ಕತೆ ಅಣ್ಣನಿಗೆ ತಿಳಿದದ್ದು ಆಗಲೇ. ಹಿಂದೆ ಬೇರೆಡೆ ಎರಡು ಸಲ ಬಿಳಿ ಹಲ್ಲು ಕಟ್ಟಿಸಿಕೊಂಡು, ಎರಡನ್ನೂ ಹಿಂದಿರುಗಿಸಿದ್ದರು. ಕನ್ನಡಿ ನೋಡಿದರೆ ಯಾರೋ ಬ್ಯಾಂಕ್ ಮ್ಯಾನೇಜರು ನಗುತ್ತಿರುವಂತೆ ಕಾಣುತ್ತಿತ್ತಂತೆ. ಮೊಮ್ಮಗಳು ಹತ್ತಿರ ಬರುತ್ತಿರಲಿಲ್ಲವಂತೆ. ಕೊನೆಗೆ ಒಂದು ಹಳೆಯ ಗುಂಪು ಫೋಟೋ ತಂದು ಹಲ್ಲಕ್ಕನ ಮುಂದಿಟ್ಟು, "ಇವನನ್ನ ವಾಪಸ್ ತಂದುಕೊಡಮ್ಮ" ಎಂದಿದ್ದರು. ತಂಗಿ ಭೂತಗನ್ನಡಿ ಹಿಡಿದು ಸಂದು, ಓರೆ, ಸವೆತ ಎಲ್ಲವನ್ನೂ ಫೋಟೋದಿಂದ ಎತ್ತಿ ಹಲ್ಲಿಗೆ ಇಳಿಸಿದ್ದಳು.

"ಎಲ್ಲಿದೆ ಅದು?" ಎಂದರು ಮೇಷ್ಟ್ರು.

"ಸಿನಿಮಾಕ್ಕೆ ಹೋಗಿದೆ ಸಾರ್" ಎಂದ ಅಣ್ಣ.

ಮೇಷ್ಟ್ರು ಬಿಳಿ ಹಲ್ಲಿನ ಡಬ್ಬಿಯನ್ನು ತಂಗಿಯ ಕೈಗಿಟ್ಟು ಹೊರಗೆ ಹೋಗಿ ಸೈಕಲ್ ಹತ್ತಿದರು. "ನಡೀರಿ. ನನ್ನ ಹಲ್ಲು ನಾನಿಲ್ಲದೆ ಹೇಗೆ ಸಿನಿಮಾಕ್ಕೆ ಹೋಗತ್ತೆ?" ಮೊದಲ ಸಿಗ್ನಲ್ಲಿನಲ್ಲೇ ಅವರು ಸ್ಕೂಟರನ್ನು ಹಿಂದೆ ಹಾಕಿದರು.

ಹಳೆಯ ಬಿಸ್ಕತ್ತು ಕಾರ್ಖಾನೆಯಲ್ಲಿ ಇನ್ನೂ ಸಣ್ಣಗೆ ಬೆಣ್ಣೆಯ ವಾಸನೆಯಿತ್ತು. ಬಿಸ್ಕತ್ತು ಬೇಯುತ್ತಿದ್ದ ಜಾಗದಲ್ಲಿ ಈಗ ಬೆರಳುದ್ದದ ಬೀದಿ, ಬೆಂಕಿಪೊಟ್ಟಣದಷ್ಟು ಮನೆಗಳು. ತಂಗಿಯ ಹೆಜ್ಜೆ ಬಾಗಿಲಲ್ಲೇ ನಿಧಾನವಾಯಿತು. ಬೇರೆ ದಿನವಾಗಿದ್ದರೆ ಅವಳನ್ನು ಅಲ್ಲಿಂದ ಎಬ್ಬಿಸಲು ಪೊರಕೆಯವಳನ್ನೇ ಕರೆಸಬೇಕಾಗುತ್ತಿತ್ತು.

ಒಳಗೆ ದೀಪದ ಕೆಳಗೆ ನಾಲ್ಕು ಜನ ಮೇಜಿನ ಸುತ್ತ ನಿಂತಿದ್ದರು. ಮಧ್ಯದಲ್ಲಿ ಮುದುಕಿಯ ತಲೆ. ಬೆಳ್ಳಿಯ ಕೂದಲು, ಸುಕ್ಕುಗಳ ಜಾಲ, ಮತ್ತು ಮೇಣವಿಟ್ಟು ಕೂರಿಸಿದ ಮೇಷ್ಟ್ರ ಹಲ್ಲು. ಅಣ್ಣ ನೋಡಿದ, ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಮುದುಕಿ ತನ್ನನ್ನು ಎಲ್ಲೋ ಕಂಡಂತೆ, ಈಗ ಏನೋ ಪೋಲಿ ಮಾತು ಹೇಳುವಂತೆ ನಗುತ್ತಿದ್ದಳು.

ಗಿಡ್ಡ ಕೂದಲಿನ, ತೋಳಿಗೆಲ್ಲ ಬಣ್ಣ ಮೆತ್ತಿಕೊಂಡ ಹೆಂಗಸೊಬ್ಬಳು ತಿರುಗಿದಳು. ಅವಳೇ ನಿರ್ದೇಶಕಿ. "ಇದನ್ನ ಮಾಡಿದ್ದು ನೀವಾ? ನಾವು ಕೇಳಿದ್ದು ಮುತ್ತಿನ ಸಾಲು. ಆದ್ರೆ ಇದನ್ನ ಹಾಕಿದ ಮೇಲೆ ನಮಗೆ ಮಾತೇ ಹೊರಡ್ತಿಲ್ಲ."

ಅಣ್ಣನ ಎದೆಯಲ್ಲಿ ಒಂದು ದೀಪ ಹತ್ತಿತು. ತಂಗಿ ಸುಮ್ಮನಿದ್ದರೆ ಆಯಿತು. ಹೌದು ನಾನೇ ಮಾಡಿದ್ದು ಎಂದರೆ ಆಯಿತು, ಸುಳ್ಳೂ ಅಲ್ಲ. ಮೇಷ್ಟ್ರಿಗೆ ಇನ್ನೊಂದು ಸೆಟ್ಟು ಮಾಡಿಕೊಡಬಹುದು. ಅವನು ತಂಗಿಯತ್ತ ನೋಡಿದ.

"ಮಾಡಿದ್ದು ನಾನೇ. ಆದ್ರೆ ಇದು ನಿಮ್ಮದಲ್ಲ" ಎಂದಳು ತಂಗಿ. "ಇವರದು. ಡಬ್ಬಿ ಅದಲುಬದಲಾಗಿದೆ. ಸಂಜೆ ಇವರು ಊಟ ಮಾಡ್ಬೇಕು." ಮುದುಕಿಯ ಬಾಯಿಂದ ಹಲ್ಲನ್ನು ಬಿಡಿಸಿದಳು. ಮುದುಕಿಯ ಕೆನ್ನೆ ಒಳ ಸೇರಿತು, ನಗು ಆರಿತು. "ನೀರು ಎಲ್ಲಿದೆ?"

ತೊಳೆದು, ಒರೆಸಿ, ಎರಡೂ ಕೈಯಲ್ಲಿ ಮೇಷ್ಟ್ರಿಗೆ ಕೊಟ್ಟಳು. ಮೇಷ್ಟ್ರು ಸುತ್ತ ನೋಡಿದರು. "ಎಲ್ಲರೂ ಹಿಂದೆ ತಿರುಗಿ" ಎಂದರು. ಮೂವತ್ತೈದು ವರ್ಷ ಮೈದಾನದಲ್ಲಿ ಪಳಗಿದ ದನಿ. ನಿರ್ದೇಶಕಿಯೂ ಸೇರಿ ಎಲ್ಲರೂ ಗಿರಕ್ಕನೆ ಗೋಡೆಗೆ ಮುಖ ಮಾಡಿದರು. "ಈಗ ಈ ಕಡೆ."

ತಿರುಗಿದರೆ ಬೇರೆ ಮನುಷ್ಯ. ಮೇಷ್ಟ್ರು ನಕ್ಕರು. ಸಂದಿನೊಳಗಿಂದ, ಓರೆಯ ಮೇಲಿಂದ, ಸವೆದ ಅಂಚಿನಿಂದ ಮೂವತ್ತೈದು ವರ್ಷ ಮಕ್ಕಳನ್ನು ಹೆದರಿಸಿ ನಗಿಸಿದ ಮುಖ ಹೊರಗೆ ಬಂತು. ಜೇಬಿನಿಂದ ಪುಟ್ಟ ಕನ್ನಡಿ ತೆಗೆದು ನೋಡಿಕೊಂಡರು. "ಬಂದ ನೋಡಿ, ಕಳ್ಳ" ಎಂದರು, ಕನ್ನಡಿಗೆ.

ತಂಗಿ ಬಿಳಿ ಹಲ್ಲಿನ ಡಬ್ಬಿಯನ್ನು ಮುಂದಿಟ್ಟಳು. "ನಿಮಗೆ ಅಂತ ಮಾಡಿದ್ದು ಇದು. ಐದು ಗಂಟೆ ದಾಟಿದೆ, ಗೊತ್ತು."

ನಿರ್ದೇಶಕಿ ಪಕ್ಕದ ಮೇಜಿನ ಮೇಲಿದ್ದ ಬಟ್ಟೆ ಸರಿಸಿದಳು. ಅಲ್ಲಿ ಬೇರೆಯವರು ಕಳಿಸಿದ ಹನ್ನೊಂದು ಸೆಟ್ಟುಗಳಿದ್ದವು, ಹನ್ನೊಂದೂ ಬೆಳ್ಳಗೆ, ಹನ್ನೊಂದೂ ಮುತ್ತು. ತಂಗಿಯದನ್ನು ಅವುಗಳ ಪಕ್ಕದಲ್ಲಿಟ್ಟರೆ ಯಾವುದು ಯಾರದೆಂದು ಮಾಡಿದವಳಿಗೂ ಹೇಳಲಾಗುತ್ತಿರಲಿಲ್ಲ. ಅಣ್ಣನಿಗೆ ಆಗ ಹೊಳೆಯಿತು: ತಾನು ಡಬ್ಬಿಯನ್ನು ಸರಿಯಾಗಿ ಕೊಟ್ಟಿದ್ದರೂ ತಂಗಿ ಈ ಬಟ್ಟೆಯ ಕೆಳಗೇ ಇರುತ್ತಿದ್ದಳು.

"ಆ ಒಂದು ಹಲ್ಲಿನ ಅಂಚು ಅರ್ಧಚಂದ್ರ ಹಾಗೆ ಸವೆದಿತ್ತಲ್ಲ," ಎಂದಳು ನಿರ್ದೇಶಕಿ, "ಅದು ಯಾಕೆ ಹಾಗೆ?"

"ಸೀಟಿ" ಎಂದಳು ತಂಗಿ. "ಮೇಷ್ಟ್ರು ಯಾವಾಗಲೂ ಅದೇ ಹಲ್ಲಲ್ಲಿ ಸೀಟಿ ಕಚ್ಚಿ ಹಿಡೀತಿದ್ರು. ಮನುಷ್ಯ ಏನು ಮಾಡ್ತಾನೋ ಅದು ಹಲ್ಲಿಗೆ ಗೊತ್ತಿರತ್ತೆ." ಅವಳು ಮುದುಕಿಯ ಖಾಲಿ ಬಾಯಿಯನ್ನೇ ನೋಡುತ್ತಿದ್ದಳು. "ಈ ಅಜ್ಜಿ ನೂರು ವರ್ಷ ಏನು ಮಾಡಿದ್ಲು?"

"ಬಟ್ಟೆ ಹೊಲೀತಾಳೆ."

"ದಾರ ಕತ್ತರೀಲಿ ಕತ್ತರಿಸ್ತಾಳಾ, ಹಲ್ಲಲ್ಲಿ ಕಡೀತಾಳಾ?"

ನಿರ್ದೇಶಕಿ ಮಿಕ್ಕ ಮೂವರನ್ನು ನೋಡಿದಳು. ಒಬ್ಬ ಕತ್ತರಿ ಎಂದ. ಇನ್ನೊಬ್ಬ, ಕತ್ತರಿ ಕಳೆದುಹೋಗುವ ದೃಶ್ಯವಿದೆಯಲ್ಲ ಎಂದ. ಮೂರನೆಯವಳು, ಅವಳ ಕತ್ತರಿ ಯಾವಾಗಲೂ ಕಳೆದೇ ಹೋಗಿರುತ್ತದೆ ಎಂದಳು. ಎರಡು ವರ್ಷದಿಂದ ಆ ಮುದುಕಿಯ ಜೊತೆಗಿದ್ದವರು ಮೊದಲ ಸಲ ಅವಳ ಬಗ್ಗೆ ಜಗಳವಾಡಿದರು.

"ಕಡೀತಾಳೆ" ಎಂದಳು ನಿರ್ದೇಶಕಿ ಕೊನೆಗೆ.

"ಅರ ಇದೆಯಾ, ಸಣ್ಣದು? ಒಂದು ಲೋಟ ಟೀ ಕೂಡ ಬೇಕು. ಕುಡಿಯೋಕಲ್ಲ."

ತಂಗಿ ಸ್ಟೂಲ್ ಎಳೆದುಕೊಂಡು ಕೂತಳು. ತನ್ನ ಮುತ್ತಿನ ಸಾಲನ್ನು ಎಡಗೈಯಲ್ಲಿ ಹಿಡಿದು, ಮುಂದಿನ ಹಲ್ಲಿನ ಅಂಚಿನಲ್ಲಿ ದಾರ ಕೂರುವಷ್ಟು ಗೀರು ಎಳೆದಳು. ಉಫ್ ಎಂದು ಪುಡಿ ಊದಿದಳು. ಪಕ್ಕದ ಹಲ್ಲನ್ನು ಸ್ವಲ್ಪ ಸವೆಸಿದಳು. ಒಂದನ್ನು ಬಿಸಿ ಮಾಡಿ, ಬಿಡಿಸಿ, ಅಕ್ಕಿಕಾಳಿನಷ್ಟು ತಿರುಗಿಸಿ ಕೂರಿಸಿದಳು. ಟೀಯಲ್ಲಿ ಅದ್ದಿದ ಬಟ್ಟೆಯಿಂದ ಒಸಡಿನ ಗಡಿಯನ್ನೆಲ್ಲ ಮೆಲ್ಲಗೆ ತಿಕ್ಕಿದಳು. ಅವಳು ಕೆಲಸ ಮಾಡುವುದನ್ನು ಅಣ್ಣ ಇಪ್ಪತ್ತೆರಡು ವರ್ಷದಲ್ಲಿ ನೋಡುತ್ತಿದ್ದದ್ದು ಇದೇ ಮೊದಲು. ನಾಲಿಗೆಯ ತುದಿಯನ್ನು ತುಟಿಯ ಮೂಲೆಯಲ್ಲಿಟ್ಟುಕೊಂಡು, ಆರು ವರ್ಷದವಳು ಗೊಂಬೆಗೆ ಜಡೆ ಹೆಣೆಯುತ್ತಿದ್ದಾಗ ಹೇಗಿದ್ದಳೋ ಹಾಗೇ ಇದ್ದಳು. ಅವನು ಈ ಸಲ ತಮಾಷೆ ಹುಡುಕಲಿಲ್ಲ. ಮೇಷ್ಟ್ರು ಕೈ ಹಿಂದಕ್ಕೆ ಕಟ್ಟಿ, ಪರೀಕ್ಷೆಯ ಕೋಣೆಯಲ್ಲಿ ನಿಂತಂತೆ ನಿಂತಿದ್ದರು.

ಇಪ್ಪತ್ತು ನಿಮಿಷದ ಮೇಲೆ ಹಲ್ಲು ಮುದುಕಿಯ ಬಾಯಿಗೆ ಹೋಯಿತು. ನಿರ್ದೇಶಕಿ ದೀಪವನ್ನು ತುಸು ಕೆಳಗಿಳಿಸಿದಳು. ಮೊದಲು ಕಂಡ ಪೋಲಿ ನಗು ಅಲ್ಲಿರಲಿಲ್ಲ. ಇದು ಇನ್ನೊಬ್ಬಳು: ಸೂಜಿಗೆ ದಾರ ಪೋಣಿಸಿ, ಕಚ್ಚಿ ತುಂಡರಿಸಿ, ಆಗತಾನೆ ತಲೆಯೆತ್ತಿ, ಬಾಗಿಲಲ್ಲಿ ಬಂದವರು ಯಾರೆಂದು ನೋಡಿ ಸಂತೋಷಪಟ್ಟವಳು.

"ಅಯ್ಯೋ, ಇವಳು ಇಷ್ಟು ದಿನ ಎಲ್ಲಿದ್ದಳು" ಎಂದಳು ನಿರ್ದೇಶಕಿ, ತನಗೆ ತಾನೇ.

ಮೇಷ್ಟ್ರು ತಲೆಯಾಡಿಸಿ, "ಪಾಸು" ಎಂದರು.

ನಿರ್ದೇಶಕಿ ಡ್ರಾಯರಿನಿಂದ ಒಂದು ಅರ್ಜಿ ನಮೂನೆ ತೆಗೆದಳು. ಸೋಮವಾರದಿಂದ ಎಂಟು ತಿಂಗಳು, ಮಧ್ಯಾಹ್ನ ಎರಡರಿಂದ ಆರು, ಒಂದೊಂದು ಮಾತಿಗೆ, ನಗೆಗೆ ಒಂದೊಂದರಂತೆ ಮುದುಕಿಗೆ ನಲವತ್ತು ಬಾಯಿ, ಆಮೇಲೆ ಅವಳ ಗಂಡನಿಗೂ ಬೇಕು. ತಂಗಿ ಏಪ್ರನ್ನಿಗೆ ಕೈ ಒರೆಸಿಕೊಂಡು ಎದುರಿಗೆ ಕೂತಳು. ಅಣ್ಣ ಗೋಡೆಗೆ ಒರಗಿ, ಮುಖಕ್ಕೆ ಧೂಳು ಬಿದ್ದವನಂತೆ ಕರವಸ್ತ್ರ ತೆಗೆದ.

ವಯಸ್ಸು, ವಿಳಾಸ, ಈಗಿನ ಕೆಲಸ ಎಲ್ಲ ಬರೆದುಕೊಂಡು ನಿರ್ದೇಶಕಿ ಕೊನೆಯ ಸಾಲಿಗೆ ಬಂದಳು. "ಅನುಭವ ಅಂತ ಒಂದು ಕಾಲಂ ಇದೆ. ನೀವು ಮಾಡಿದ ಹಲ್ಲುಗಳು ಇದಕ್ಕೆ ಮುಂಚೆ ಯಾವ ಸಿನಿಮಾದಲ್ಲಾದ್ರೂ ಕೆಲಸ ಮಾಡಿವೆಯಾ?"

ತಂಗಿ ಒಂದು ಕ್ಷಣ ಯೋಚಿಸಿದಳು.

"ಇಲ್ಲ ಮೇಡಂ" ಎಂದಳು. "ಇದುವರೆಗೆ ಬರೀ ಊಟ ಮಾಡಿವೆ."